ಲೋಳೆ ಬಂದ ಹೆಂಡ

ಐದನೆಯ ದಿನ ಹೆಂಡ ಮಾತಾಡಬೇಕು. ಗುಡಾಣದ ಬಾಯಿಗೆ ಕಿವಿಯಿಟ್ಟರೆ ಒಳಗೆ ಸಣ್ಣ ಮಳೆ ಬಿದ್ದ ಹಾಗೆ ಚಿಟಿಚಿಟಿ ಎನ್ನಬೇಕು. ಚೆಂಜಿರಾ ಅಜ್ಜಿ ಮೂರು ಗುಡಾಣಗಳಿಗೂ ಕಿವಿಯಿಟ್ಟಳು. ಮೂರೂ ಮೂಕವಾಗಿದ್ದವು. ಬೆರಳದ್ದಿ ಎತ್ತಿದರೆ ಬೆಂಡೆಕಾಯಿಯ ಲೋಳೆಯಂತೆ ಎಳೆ ಎಳೆಯಾಗಿ ಇಳಿಯಿತು. ನಾಲಗೆಗೆ ಹಚ್ಚಿ ನೋಡಿ ಉಗಿದಳು.

ತಾಯಿ ತವರಿಗೆ ನಡೆದು ಹೋಗುವಾಗ ದಾರಿಯಲ್ಲೇ ಹುಟ್ಟಿದವಳು, ಅದಕ್ಕೇ ಚೆಂಜಿರಾ, ಅಂದರೆ ದಾರಿಯವಳು, ಎಂದು ಹೆಸರು. ಮದುವೆಯಾದಾಗಿನಿಂದ ರಾಗಿ ಹೆಂಡ ಕಾಸುತ್ತ ಬಂದಿದ್ದಳು. ಮುಟ್ಟು ನಿಂತ ಮೇಲೆ ಸತ್ತವರ ಹೆಂಡವೂ ಅವಳ ಕೈಗೆ ಬಂತು. ಆ ಬೆಟ್ಟಸಾಲಿನಲ್ಲಿ ಯಾರೇ ಸಾಯಲಿ, ವರ್ಷ ತುಂಬಿದಾಗ ಗೋರಿಯ ಮೇಲೆ ಹೊಯ್ದು ಸತ್ತವರನ್ನು ಮನೆಗೆ ಕರೆತರುವ ಹೆಂಡ ಅವಳದೇ. ಇಪ್ಪತ್ತು ವರ್ಷದಲ್ಲಿ ಒಂದೂ ಕೆಟ್ಟಿರಲಿಲ್ಲ.

ಆ ಹೆಂಡ ಕೆಟ್ಟರೆ ಸತ್ತವನು ಬರಲೊಲ್ಲೆ ಎಂದ ಹಾಗೆ. ಹೆಂಡತಿ ವರ್ಷ ತುಂಬುವ ಮೊದಲೇ ಬೇರೊಬ್ಬನ ಚಾಪೆಗೆ ಹೋಗಿದ್ದಾಳೆ ಎಂದು ಎಲ್ಲರೂ ತಿಳಿಯುತ್ತಾರೆ. ಅಂಥವಳು ಹೊಲ, ಮನೆ, ಮಕ್ಕಳನ್ನು ಬಿಟ್ಟು ತವರಿನ ದಾರಿ ಹಿಡಿಯಬೇಕು. ಈ ಸಲದ್ದು ಹೋದ ವರ್ಷ ಸತ್ತ ಗಾರಿಕೈನ ಹೆಂಡ. ಅವನ ಹೆಂಡತಿ ರುಡೈರೊಗೆ ಎರಡು ಸಣ್ಣ ಹೆಣ್ಣುಮಕ್ಕಳು. ವರ್ಷವಿಡೀ ಕರಿಬಟ್ಟೆಯುಟ್ಟು ತಲೆಯೆತ್ತದೆ ಬಾಳಿದವಳು.

ಯಾಕೆ ಕೆಟ್ಟಿತೆಂದು ಅಜ್ಜಿಗೆ ಗೊತ್ತಿತ್ತು. ಮೊಳಕೆ ಬಂದ ರಾಗಿಯನ್ನು ಹಾಸುಬಂಡೆಯ ಮೇಲೆ ಹರವಿದ ಮೂರು ದಿನವೂ ಮೋಡ ಕವಿದು ಹನಿಯುತ್ತಿತ್ತು. ಅರೆಬರೆ ಒಣಗಿದ್ದನ್ನೇ ಚೀಲಕ್ಕೆ ತುಂಬಿದ್ದಳು. ಬೀಸುವ ದಿನ ರುಡೈರೊ ನೀರು ಹೊತ್ತು ತಂದವಳು, ಹತ್ತು ಹೆಜ್ಜೆ ಆಚೆಯೇ ನಿಂತು, ರಾಗಿ ಮುಗ್ಗಲು ನಾತ ಬರುತ್ತಿದೆಯಲ್ಲ ಅಜ್ಜಿ ಎಂದಿದ್ದಳು. ಮುಟ್ಟಾಗುವ ಹೆಂಗಸು ಸತ್ತವರ ರಾಗಿಯ ವಿಷಯಕ್ಕೆ ಬಾಯಿ ಹಾಕುವಂತಿಲ್ಲ. ಅಜ್ಜಿ ಗದರಿಸಿ ಅಟ್ಟಿದ್ದಳು. ಅವಳು ಹೋದ ಮೇಲೆ ಒಂದು ಹಿಡಿ ತೆಗೆದು ಮೂಸಿದರೆ ಏನೂ ತಿಳಿಯಲಿಲ್ಲ. ಹೋದ ಚಳಿಗಾಲದ ಜ್ವರದಲ್ಲಿ ಮೂಗು ಸತ್ತಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಹೆಂಡ ಕಾಸಲಾಗದ ಮುದುಕಿಯನ್ನು ಯಾರು ಕರೆದಾರು?

ಸುಮ್ಮನೆ ಬಡಿಸಿದರೆ ಇಡೀ ಊರು ಹೊಟ್ಟೆ ಹಿಡಿದುಕೊಂಡು ಮಲಗುತ್ತದೆ. ಕೆಟ್ಟಿದೆ ಎಂದಷ್ಟೇ ಹೇಳಿದರೆ ರುಡೈರೊಳ ಗತಿ ಮುಗಿಯಿತು. ಅಜ್ಜಿ ಬೆರಳು ಒರೆಸಿಕೊಂಡು ಗಾರಿಕೈನ ಅಣ್ಣ ತಗೂತನ ಮನೆಗೆ ನಡೆದಳು.

ಅಡುಗೆ ಗುಡಿಸಲಲ್ಲಿ ಅಣ್ಣನೂ ಇದ್ದ, ಅವರಿಬ್ಬರ ಅಕ್ಕ ಮಸೀವ ಕೂಡ ಇದ್ದಳು. ಆ ಮನೆಯಲ್ಲಿ ಮಸೀವಳದೇ ಕೊನೆಯ ಮಾತು. ಅಜ್ಜಿ ಒಲೆಯ ಪಕ್ಕ ಕೂತು ವಿಷಯ ಹೇಳುತ್ತಿದ್ದ ಹಾಗೆ ಮಸೀವಳ ಕಣ್ಣು ರುಡೈರೊಳ ಮನೆಯ ಕಡೆ ಹೊರಳಿತು.

“ತಪ್ಪು ನಂದೇ ಕಣವ್ವ,” ಎಂದಳು ಅಜ್ಜಿ. “ರಾಗಿ ಮುಗ್ಗಿತ್ತು. ನಂಗೆ ವಾಸ್ನೆ ಗೊತ್ತಾಗ್ಲಿಲ್ಲ. ಮೂಗು ಸತ್ತು ಆರು ತಿಂಗ್ಳಾಯ್ತು.”

“ಇಪ್ಪತ್ತು ವರ್ಷ ಕೆಡದಿದ್ದ ಕೈ ನಮ್ಮನೆ ಹೆಂಡಕ್ಕೇ ಕೆಡ್ತಾ? ಎಷ್ಟು ಕೋಳಿ ಕೊಟ್ಟವ್ಳೆ ಅವ್ಳು ನಿಂಗೆ?”

“ಕೋಳಿ ತಿನ್ನಕ್ಕೆ ಹಲ್ಲೆಲ್ಲಿದೆ ನಂಗೆ?”

ಯಾರೂ ನಗಲಿಲ್ಲ. ಅಜ್ಜಿ ಮತ್ತೆ ಮೊದಲಿನಿಂದ ಹೇಳತೊಡಗಿದಳು: ಬಂಡೆ, ಮೋಡ, ಚೀಲ, ಗದರಿಸಿ ಅಟ್ಟಿದ್ದು. ಮಸೀವ ಅಡ್ಡ ಬಾಯಿ ಹಾಕದೆ ಕೇಳುತ್ತಿದ್ದಳು. ತಗೂತನೂ ಸುದ್ದಿ ಕೇಳಿ ಬಾಗಿಲಿಗೆ ಬಂದಿದ್ದ ಹೆಂಗಸರೂ ಮೂಗು ಅರಳಿಸಿ ಅತ್ತಿತ್ತ ನೋಡುವುದು ಕಂಡರೂ ಅಜ್ಜಿ ಮಾತು ನಿಲ್ಲಿಸಲಿಲ್ಲ. ಬೆನ್ನಿಗೆ ಚುರುಕ್ಕೆಂದಾಗಲೇ ಕೈ ಹಿಂದಕ್ಕೆ ಹೋದದ್ದು. ಹೊದ್ದ ಬಟ್ಟೆಯ ಸೆರಗು ಒಲೆಗೆ ತಾಗಿ, ಕಮಟು ಹೊಗೆ ಗುಡಿಸಲೆಲ್ಲ ತುಂಬಿ, ಬೆಂಕಿ ಮೈ ಮುಟ್ಟಿತ್ತು. ತಗೂತ ಎದ್ದು ಬಿಂದಿಗೆ ನೀರು ಸುರಿದ.

“ನೀನು ನೋಡ್ತಾನೇ ಇದ್ಯಲ್ಲಕ್ಕ,” ಎಂದ.

“ಮೂಗು ಸತ್ತಿದ್ಯೋ ಇಲ್ವೋ ನೋಡ್ಬೇಕಿತ್ತಲ್ಲ,” ಎಂದಳು ಮಸೀವ. “ಈಗ ನಂಬ್ತೀನಿ.”

ತೀರ್ಮಾನ ಅಲ್ಲೇ ಆಯಿತು. ಹೆಂಡವನ್ನು ಚೆಲ್ಲಬೇಕು. ಬರುವ ತಿಂಗಳು ಹೊಸ ಹೆಂಡ, ಕಾಸುವವಳು ಮುಟ್ಟು ನಿಂತ ಮಸೀವ. ಅಜ್ಜಿ ಇನ್ನು ಯಾರ ಹೆಂಡಕ್ಕೂ ಕೈ ಹಾಕಕೂಡದು. ಮೂರು ಗುಡಾಣಗಳನ್ನೂ ತೊಳೆದು ನಾಳೆ ಕಳಿಸಬೇಕು. ಹೊಸ ಹೆಂಡವೂ ಕೆಟ್ಟರೆ ಯಾರ ತಪ್ಪೆಂದು ಕೇಳುವ ಗೋಜೇ ಇಲ್ಲ ಎಂದು ಮಸೀವ ಆಚೆ ಮನೆಯ ರುಡೈರೊಗೆ ಕೇಳಿಸುವಂತೆ ದನಿಯೆತ್ತಿ ಹೇಳಿದಳು.

ಸಂಜೆ ಹೆಂಡವನ್ನು ಗುಂಡಿಗೆ ಸುರಿಯಲು ರುಡೈರೊ ಬಂದಳು. ಬೆನ್ನಿನ ಬೊಬ್ಬೆಯಿಂದ ಅಜ್ಜಿಗೆ ಬಗ್ಗಲಾಗುತ್ತಿರಲಿಲ್ಲ. ಬೂದಿ ಹಾಕಿ ಉಜ್ಜಿ, ಕುದಿನೀರು ಹೊಯ್ದು, ಹುಲ್ಲಿನ ಹೊಗೆ ಹಾಕಿದ ಮೇಲೆ ಅಜ್ಜಿ ಗುಡಾಣಗಳನ್ನು ತೋರಿಸಿ, “ಮೂಸು,” ಎಂದಳು.

“ನಾನು ಮೂಗು ಹಾಕ್ಬಾರ್ದಲ್ಲಜ್ಜಿ.”

“ಅವತ್ತು ನಿನ್ನ ಮೂಗಿನ ಮಾತು ಕೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಮೂಸು.”

ರುಡೈರೊ ಒಂದೊಂದಕ್ಕೂ ತಲೆ ಹಾಕಿದಳು. ಎರಡು ಸರಿಯಿದ್ದವು. ಮೂರನೆಯದು ಅಜ್ಜಿಯ ತಾಯಿ ಬಿಟ್ಟುಹೋದದ್ದು. ಒಳಗೆ ಕೂದಲೆಳೆಯಂಥ ಬಿರುಕುಗಳಿದ್ದವು. ಅದರಿಂದ ತಲೆಯೆತ್ತಿದವಳು ಮತ್ತೆ ಬಗ್ಗಿ ಮೂಸಿದಳು.

“ನಾತ ಇದೆಯಾ?”

“ಇದೆ ಅಜ್ಜಿ.”

ಬಿರುಕಿನಲ್ಲಿ ಕೂತ ಕೆಡುಕು ಯಾವ ಕುದಿನೀರಿಗೂ ಹೋಗುವುದಿಲ್ಲ. ಮಸೀವಳ ಹೆಂಡವನ್ನೂ ಹಿಡಿಯುತ್ತದೆ. ಅಜ್ಜಿ ಒನಕೆ ತರಲು ಹೇಳಿದಳು. ರುಡೈರೊ ತಾನೇ ಒಡೆಯುತ್ತೇನೆಂದರೂ ಕೊಡಲಿಲ್ಲ. ಮೊದಲ ಏಟಿಗೆ ಅದು ಒಡೆಯಲಿಲ್ಲ, ಮೂರನೆಯದಕ್ಕೆ ಕುಸಿಯಿತು.

ಚೂರುಗಳನ್ನು ಗುಂಡಿಗೆ ನೂಕಿ ಮಣ್ಣು ಮುಚ್ಚಿದ ಮೇಲೆ, ನಾಳೆ ಎರಡೇ ಗುಡಾಣ ಯಾಕೆಂದು ಮಸೀವ ಕೇಳಿದರೆ ಮೂಸಿದ ಮಾತೆತ್ತದೆ ಮುದುಕಿಯ ಕೈ ಜಾರಿತು ಎನ್ನು ಎಂದು ಅಜ್ಜಿ ಹೇಳಿಕೊಟ್ಟಳು.