ಬಂಬದ ನಳ

ನಮ್ಮ ಬಚ್ಚಲಿನಲ್ಲಿ ನೀರು ಕಾಸುವ ತಾಮ್ರದ ಬಂಬ ಕರ್ರಗಾಗಿದೆ. ಬೇಕೆಂದೇ ಹಾಗೆ ಬಿಟ್ಟಿದ್ದೇನೆ ಎಂದರೆ, ಸೋಮಾರಿತನಕ್ಕೆ ತತ್ತ್ವದ ಅಂಗಿ ತೊಡಿಸುತ್ತಿದ್ದೇನೆ ಎನ್ನುತ್ತೀರಿ. ಇರಬಹುದು. ಆದರೂ ಕೇಳಿ.

ಮೊದಲು ಅದು ಥಳಥಳ ಹೊಳೆಯುತ್ತಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದವಳು ತುಂಗತ್ತಿ, ನನ್ನ ತಂದೆಯ ತಂಗಿ. ಎಳೆಯ ವಯಸ್ಸಿನಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಬಂದವಳು. ನಸುಕಿನಲ್ಲೆದ್ದು ಬಂಬದ ನಡುವಿನ ಕೊಳವೆಗೆ ಇದ್ದಿಲು ಸುರಿದು ಮನೆಮಂದಿಗೆಲ್ಲ ನೀರು ಕಾಸುವುದು ಅವಳ ಕೆಲಸ. ಕೆಂಡದ ಬೆಳಕು ಬಿದ್ದ ಅವಳ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಈ ಚಿತ್ರ ಬಲು ಚಂದ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಕೆಂಡವಿರುವುದು ಕೊಳವೆಯೊಳಗೆ. ಅಲ್ಲದೆ ಆ ಹೊತ್ತಿಗೆ ನಾನೆಲ್ಲಿ ಎದ್ದಿರುತ್ತಿದ್ದೆ?

ಯುದ್ಧದ ಕಾಲದ ಒಂದು ಚಳಿಗಾಲದಲ್ಲಿ ತುಂಗತ್ತಿಗೆ ಕೆಮ್ಮು ಹತ್ತಿತು. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು, "ಬಿಸಿನೀರಾಗ ಜಳಕಾ ಆಗಬೇಕ್ರಿ. ಥಂಡಿ ಹತ್ತಿದರ ಈ ಸಲ ಉಳಿಯೂದು ಕಷ್ಟ" ಎಂದರು.

ತುಂಗತ್ತಿಗೆ ಹೇಳಿದೆ. "ಆ ನಳದಾಗ ನೀರು ಎಲ್ಲಿ ಬರ್ತಾವೋ? ದಾರದ್ಹಂಗ ಇಳೀತಾವ. ಮೊದಲ ಅದನ್ನ ನೆಟ್ಟಗ ಮಾಡಸು. ಆಮ್ಯಾಲ ನೋಡೂಣು" ಎಂದಳು.

ಅದು ಖರೆ. ಒಂದು ಬಕೀಟು ತುಂಬುವಷ್ಟರಲ್ಲಿ ನಾನು ಪತ್ರಿಕೆ ಓದಿ ಮುಗಿಸುತ್ತಿದ್ದೆ. ಹೊಸ ಬಂಬ ತರೋಣವೆಂದರೆ ಪೇಟೆಯಲ್ಲಿ ತಾಮ್ರವೇ ಇರಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ನೀರು ಎತ್ತರದಲ್ಲಿದ್ದಷ್ಟೂ ಒತ್ತಡ ಹೆಚ್ಚೆಂಬುದು ನೆನಪಾಗಿ ಬಂಬದ ಕೆಳಗೆ ಇಟ್ಟಿಗೆ ಇಟ್ಟೆ. ಬಂಬದ ಜೊತೆಗೆ ನಳವೂ ಮೇಲೇರಿತು. ದಾರ ಅದೇ, ಬರೀ ಉದ್ದವಾಯಿತು.

"ಭಾರಿ ಶಾಣ್ಯಾ ಇದ್ದಾನ ನೋಡವಾ ನಿನ್ನ ಗಂಡ" ಎಂದು ಅತ್ತಿ ನನ್ನ ಹೆಂಡತಿಗೆ ಹೇಳಿ ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಈ ಪಾಂಡಿತ್ಯದಲ್ಲಿ ನಾಲ್ಕು ದಿನ ಹೋದವು.

ಕಡೆಗೆ ಕಂಚಗಾರ ಮಲ್ಲಪ್ಪನನ್ನು ಕರೆತಂದೆ. ಅವನು ನಳ ಬಿಚ್ಚಿ, ತೂತಿನಲ್ಲಿ ಬೆರಳು ಹಾಕಿ, "ಹೊರಗ ಕನ್ನಡಿ ಮಾಡೀರಿ, ಒಳಗ ಗ್ವಾಡಿ ಕಟ್ಟೀರಿ" ಎಂದ. ಬಾವಿಯ ಸವಳು ನೀರು ವರ್ಷಗಟ್ಟಲೆ ಕಾದು ಕಾದು ಸುಣ್ಣದ ಹಕ್ಕಳೆಗಟ್ಟಿ ನಳದ ಬಾಯಿ ಮುಚ್ಚಿತ್ತು. ತೂತಿಗೆ ಬಿರಡೆ ಬಡಿದು, ಒಳಗೆ ಹುಣಸೆಹುಳಿ ನೀರು ತುಂಬಿ ಕುದಿಸಿದ. "ನಾಳಿತನಕ ಹಿಂಗ ಇರಲಿ. ಒಂದ ದಿನ ಎಲ್ಲಾರೂ ತಣ್ಣೀರಾಗ ಜಳಕಾ ಮಾಡ್ರಿ."

ಹೀಗಾಗಿ ಮರುದಿನ ನಸುಕಿನಲ್ಲಿ, ಬಹುಶಃ ಮದುವೆಯಾದ ಮೇಲೆ ಮೊದಲ ಸಲ, ನಾನು ಹಿತ್ತಲ ಬಾವಿಗೆ ಹೋದೆ. ಅಲ್ಲಿ ಅತ್ತಿ ಒದ್ದೆ ಸೀರೆಯಲ್ಲಿ ನಡುಗುತ್ತ ಕೊಡ ಸೇದುತ್ತಿದ್ದಳು.

"ಅತ್ತಿ! ಒಂದ ದಿನ ಜಳಕಾ ಬಿಟ್ಟರ ಏನಾಗತಿತ್ತು?"

"ನಾ ದಿನಾ ಇಲ್ಲೇ ಮಾಡೂದಪಾ."

"ದಿನಾ? ಯಾವಾಗಿಂದ?"

"ಕೆಂಪು ಸೀರಿ ಉಟ್ಟಾಗಿಂದ. ಬಂಬದ ನೀರು ಎಲ್ಲಾರೂ ಮುಟ್ಟಿದ್ದು. ನನ್ನ ಮಡಿಗೆ ನಡೀತದೇನು?"

ಒಳಗೆ ಬಂದು ಹೆಂಡತಿಯನ್ನು ಕೇಳಿದೆ. "ಮನ್ಯಾಗ ನಿಮಗೊಬ್ಬರಿಗೇ ಗೊತ್ತಿರಲಿಲ್ರಿ" ಎಂದಳು.

ಮಲ್ಲಪ್ಪ ಬಂದು, ಮರದ ಸುತ್ತಿಗೆಯಿಂದ ಬಡಿದು, ಬುಟ್ಟಿ ತುಂಬ ಬಿಳಿ ಚೂರು ತೆಗೆದ. ಮತ್ತೆ ನೀರು ಕಾಯಿಸಿ ನಳ ತಿರುವಿದರೆ ಧಾರೆ ಧೋ ಎಂದು ಬಿತ್ತು. ಮಡಿಯ ಮಾತು ಬೇಡವೆಂದು ನಾನು ತುಂಗತ್ತಿಗೆ ಕೈಮುಗಿದೆ. ಅವಳು ಧಾರೆಯ ಕೆಳಗೆ ಕೈಯೊಡ್ಡಿ ಥಟ್ಟನೆ ಹಿಂದೆಳೆದುಕೊಂಡಳು.

"ಅಯ್ಯ, ಇಷ್ಟು ಸುಡೂ ನೀರು ಮೈಮ್ಯಾಲ ಹೆಂಗ ಹಾಕ್ಕೋತೀರೋ ನೀವು?"

ಮೂವತ್ತು ವರ್ಷ ನಮಗೆ ನೀರು ಕಾಸಿದವಳು.

ಸಂಕ್ರಮಣಕ್ಕೆ ಮೊದಲೇ ಅವಳು ಹೋದಳು. ಕೊನೆಗೆ ಬಿಸಿನೀರು ಹಾಕಿಕೊಂಡಿದ್ದಳೆಂದು ಹೆಂಡತಿ ಹೇಳುತ್ತಾಳೆ. ಒಮ್ಮೆ ಮೂರು ದಿನ ಎನ್ನುತ್ತಾಳೆ, ಒಮ್ಮೆ ನಾಲ್ಕು. ಬಚ್ಚಲ ಬಾಗಿಲು ಮುಚ್ಚಿತ್ತು, ನಾನು ನೋಡಿಲ್ಲ. ಆದರೆ ವಿಚಿತ್ರವೆಂದರೆ, ಬಾಗಿಲ ಸಂದಿಯಿಂದ ಹಬೆ ಬಂದದ್ದು ಇತ್ತೀಚೆಗೆ ನನಗೂ ನೆನಪಾಗತೊಡಗಿದೆ. ಆ ಹಬೆಯನ್ನು ಇಲ್ಲಿ ಬರೆದು ನಿಮ್ಮನ್ನು ನಂಬಿಸಲಾರೆ.

ಈಗ ವರ್ಷಕ್ಕೆರಡು ಸಲ ನಾನೇ ನಳ ಬಿಚ್ಚಿ, ಬೆರಳು ಹಾಕಿ, ಒಳಗೆ ಹುಳಿ ಕುದಿಸುತ್ತೇನೆ. ಹೊರಗೆ ತಿಕ್ಕುವುದಿಲ್ಲ. ಮನೆಗೆ ಬಂದವರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು, "ಬಂಬ ಎಷ್ಟ ಕರ್ರಗಾಗೇದಲ್ರಿ. ಮನ್ಯಾಗ ಹಿರೇರು ಯಾರೂ ಇಲ್ಲೇನು?" ಎಂದು ಕೇಳುತ್ತಾರೆ.

"ಇಲ್ರಿ" ಎನ್ನುತ್ತೇನೆ.