ಬೆನ್ನು ಮಾಡಿ ಕುಳಿತ ಹುಡುಗಿ

ನೇಸರಗಿಯ ಶಾಲೆಯಲ್ಲಿ ನನ್ನ ಪಕ್ಕ ಕುಳಿತವಳು ಈಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಕಳೆದ ವರ್ಷ ಬೈಲಹೊಂಗಲದಲ್ಲಿ ಅವಳ ಚಿತ್ರಗಳ ಪ್ರದರ್ಶನ ಇಟ್ಟಾಗ ಮಾತಾಡಲು ನನ್ನನ್ನು ಕರೆದರು. ಕಾಲೇಜಿನಲ್ಲಿ ಪಾಠ ಹೇಳುವವಳು, ಗೆಳತಿ ಬೇರೆ, ಒಪ್ಪಿಕೊಂಡೆ. ಎಲ್ಲ ತಿಳಿದವಳೆಂಬ ಸೊಕ್ಕು ನನಗೆ ಮೊದಲಿನಿಂದಲೂ ಸ್ವಲ್ಪ ಹೆಚ್ಚೇ.

ಅರ್ಧ ಗಂಟೆ ಮಾತಾಡಿದೆ. ಅವಳ ಗೆರೆ ಎಷ್ಟು ಮಿತ, ಎರೆಮಣ್ಣಿನ ಕಪ್ಪನ್ನು ಎಷ್ಟು ಸಲೀಸಾಗಿ ತರುತ್ತಾಳೆ, ತೊರಗಲ್ಲಿನ ಅಷ್ಟು ದೊಡ್ಡ ಕೋಟೆಯನ್ನು ಮೂಲೆಗೆ ಸರಿಸಿ ಜಾಗವನ್ನೆಲ್ಲ ಹೇಗೆ ಮಕ್ಕಳಿಗೆ ಬಿಡುತ್ತಾಳೆ ಎಂದೆಲ್ಲ ಹೇಳಿದೆ. ಅಷ್ಟೂ ನಿಜವೇ. ಆಮೇಲೆ ಅವಳ ಪ್ರತಿ ಪುಸ್ತಕದಲ್ಲೂ ಬರುವ ಒಂದು ಚಿತ್ರಕ್ಕೆ ಬಂದೆ. ನೆಲದ ಮೇಲೆ ಕುಳಿತವರ ಕಣ್ಣಿಗೆ ಕಾಣುವಂಥ ಬಾಗಿಲು, ಅದರಾಚೆ ಒಲೆಯ ಬೆಳಕು, ನಮಗೆ ಬೆನ್ನು ಮಾಡಿ ಉಣ್ಣುತ್ತಿರುವ ಎರಡು ಜಡೆಯ ಹುಡುಗಿ. "ಇದು ನಮ್ಮೆಲ್ಲರ ಕಳೆದುಹೋದ ಬಾಲ್ಯ, ಅದಕ್ಕೇ ಮುಖವಿಲ್ಲ" ಎಂದೆ. ಜೋರು ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ಅವಳನ್ನೇ ಕೇಳಿದೆ, "ನಾ ಹೇಳಿದ್ದು ಬರೋಬರಿ ಅದ ಹೌದಿಲ್ಲ?"

"ಗೆರಿ ಬಗ್ಗೆ ಹೇಳಿದ್ದು ಬರೋಬರಿ ಐತಿ," ಎಂದಳು. "ಆ ಬಾಗಲಾ ನಿಮ್ಮ ಅಡಗಿಮನೀದು. ಗುರ್ತ ಸಿಗಲಿಲ್ಲೇನು?"

ಹೇಗೆ ಸಿಗಬೇಕು? ಆ ಬಾಗಿಲನ್ನು ನಾನು ಹೊರಗೆ ಕುಳಿತು ನೋಡಿದವಳೇ ಅಲ್ಲ. ನಮ್ಮದು ಪೂಜೆ, ಪುರಾಣದ ಮನೆ. ಅಜ್ಜಿ ಮಡಿಯಲ್ಲಿದ್ದಾಗ ಬೇರೆಯವರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವಳು ಒಕ್ಕಲುತನದ ಲಿಂಗವಂತರ ಮನೆಯವಳು. ಶನಿವಾರ ಶಾಲೆ ಬಿಟ್ಟು ನನ್ನ ಜೊತೆ ಬಂದಾಗ ಅವಳ ತಾಟು ಹೊಸ್ತಿಲ ಹೊರಗೆ, ನನ್ನದು ಒಳಗೆ. ಅಜ್ಜಿಗೆ ತಿಳಿಯದಂತೆ ನಾನು ಅವರ ಮನೆಯ ಒಲೆಯ ಮುಂದೆಯೇ ಕುಳಿತು ಬಿಸಿ ರೊಟ್ಟಿ ತಿಂದಿದ್ದೇನೆ. ನಾಚಿಕೆ ಮಾತ್ರ ಆಗ ಬರಲಿಲ್ಲ.

"ಅಜ್ಜೀದು ಬಿಡು, ಆಕಿ ಕಾಲ ಹಂಗಿತ್ತು," ಎಂದೆ.

"ಅಜ್ಜೀನ ನಾ ಎಂದೂ ಬರದಿಲ್ಲ. ಎರಡು ಜಡಿ ಹಾಕ್ಕೊಂತಿದ್ದಾಕಿ ನೀನು. ಉಣ್ಣುವಾಗ ಒಮ್ಮೆರ ಹೊಳ್ಳಿ ನೋಡಿದ್ರ ಮುಖಾನೂ ಬರೀತಿದ್ನಿ."

ಕಪ್ಪು ಕೆಳಗಿಟ್ಟು ಬೇರೆಯವರ ಜೊತೆ ಮಾತಾಡಲು ಹೋದಳು. ನಾನು ಕ್ಷಮೆ ಕೇಳಲಿಲ್ಲ. ಅಷ್ಟು ಜನರ ನಡುವೆ ಹೇಗೆ ಎಂದು ನೆಪ ಹೇಳಿಕೊಂಡೆ. ಆಮೇಲೂ ಫೋನ್ ಮಾಡಲಿಲ್ಲ.

ಮೊನ್ನೆ ಅವಳ ಹೊಸ ಪುಸ್ತಕ ಬಂತು. ಬೇರೆ ಏನನ್ನೂ ನೋಡದೆ ಆ ಚಿತ್ರವನ್ನೇ ಹುಡುಕಿದೆ. ಬಾಗಿಲಿತ್ತು, ಒಲೆಯ ಬೆಳಕೂ ಇತ್ತು. ಒಳಗೆ ಯಾರೂ ಇರಲಿಲ್ಲ.