ಅವ್ವನ ಕಣ್ಣಲ್ಲಿದ್ದ ಕೊಡೆ

ದಾವಣಗೆರೆ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲೆ ನನ್ನ ಸ್ಟುಡಿಯೋ ಇತ್ತು. ಅಲ್ಲಿ ಮದುವೆ ಆಲ್ಬಮ್ಮು, ಪಾಸ್‌ಪೋರ್ಟ್ ಫೋಟೋಗಳ ಜೊತೆಗೆ 'ಕಣ್ಣು ತೆರೆಸುವುದು' ಅಂತ ಒಂದು ಕೆಲಸವಿತ್ತು. ನಮ್ಮ ಜನ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಅಂಗೈಯಲ್ಲಿ ಲಿಂಗ ಇಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಅಷ್ಟೊತ್ತಿಗೆ ಯಾರಾದರೂ "ಫೋಟೋದವರಿಗೆ ಹೇಳ್ರಪ್ಪ" ಅನ್ನುತ್ತಾರೆ. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಹದಿನೈದು ದಿನ ಬಿಟ್ಟು ಆ ಮನೆಯ ಹಿರೇಮಗ ಸ್ಟುಡಿಯೋಗೆ ಬಂದು, ಚಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳುತ್ತಿದ್ದ: "ಸ್ವಲ್ಪ ಕಣ್ಣು ತೆರೆಸಿ ಕೊಡ್ರಿ."

ತೆರೆಸಿ ಕೊಡುತ್ತಿದ್ದೆ. ಕಂಪ್ಯೂಟರಿನಲ್ಲಿ ಮಗನದೋ ಮಗಳದೋ ಕಣ್ಣು ಕತ್ತರಿಸಿ ತಂದು ಅಲ್ಲಿ ಕೂರಿಸುವುದು, ಮೂಗಿನ ಹತ್ತಿ ಅಳಿಸುವುದು, ಬತ್ತಿದ ಗಲ್ಲ ಒಂಚೂರು ತುಂಬುವುದು, ಹಿಂದೆ ನೀಲಿ ಪರದೆ ಹಾಕುವುದು. ರಕ್ತಸಂಬಂಧಿಯ ಕಣ್ಣು ಹೊಂದಿದ ಹಾಗೆ ಹೊರಗಿನವರದು ಹೊಂದುವುದಿಲ್ಲ, ಇದು ನನ್ನ ಅನುಭವ. ಫ್ರೇಮು ಕೈಗೆ ಬಂದಾಗ "ಥೇಟ್ ನಮ್ಮಪ್ಪನೇ ನೋಡ್ರಿ" ಅಂತ ಅಲ್ಲೇ ಕೂತು ಅತ್ತವರನ್ನು ಕಂಡಿದ್ದೇನೆ. ಅದನ್ನು ಯಾರೂ ಮೋಸ ಅನ್ನಲಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಆದರೆ ಫೋಟೋದವನ ಅವ್ವನಿಗೇ ಫೋಟೋ ಇರಲಿಲ್ಲ. ಕೊಕ್ಕನೂರು ಅನ್ನುವ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಂಡು "ಆಯುಷ್ಯ ಕಮ್ಮಿ ಆಗ್ತತಿ, ಬ್ಯಾಡೋ ಮಾರಾಯ" ಅನ್ನುತ್ತಿದ್ದಳು. ಮಂಡಿನೋವು ಬೇರೆ. ನನ್ನ ಸ್ಟುಡಿಯೋದ ಮೆಟ್ಟಿಲನ್ನು ಒಂದು ದಿನವೂ ಹತ್ತಲಿಲ್ಲ.

ನನಗೆ ಇರುವವಳು ಒಬ್ಬಳೇ ಅಕ್ಕ, ಹರಿಹರದಲ್ಲಿದ್ದಾಳೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ಉಡುಗೊರೆ ಕೊಡುವ ಹೊತ್ತಿಗೆ ಭಾವನಿಗೆ ಶರ್ಟಿನ ಬಟ್ಟೆ ಇಡುವುದು ಮರೆತು ಬರೀ ಟವೆಲ್ಲು ಹೊದಿಸಿದೆ. ಭಾವ ಅದನ್ನು ಕುರ್ಚಿಯ ಮೇಲೆ ಬಿಟ್ಟು ಉಣ್ಣದೆ ಎದ್ದರು. ಅಕ್ಕ ಅವರ ಹಿಂದೆ ಹೊರಟಳು. ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಹೋಗೋರಿಗೆ ಬಾಗ್ಲು ದೊಡ್ಡದೈತೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ. ಎಂಟು ತಿಂಗಳು ಅಕ್ಕ ಬರಲಿಲ್ಲ. ನಾನು ಕರೆಯಲಿಲ್ಲ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಅದೇ ದಿನಗಳಲ್ಲಿ ಅವ್ವ ಹಾಸಿಗೆ ಹಿಡಿದಳು. ಆ ರೋಗವಲ್ಲ, ಬೇರೆ. ಅನ್ನ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಒಂದು ತಿಂಗಳಲ್ಲಿ ಗಲ್ಲದ ಮೂಳೆ ಎದ್ದು ಕಂಡವು. ಬೆಳಗಾದರೆ ಒಂದೇ ಮಾತು: "ಅಕ್ಕಗ ಫೋನ್ ಹಚ್ಚಪ್ಪ. ಒಂದ್ಸಲ ಮಕ ನೋಡ್ತೀನಿ, ಅದ್ರಾಗೆ ಕಾಣ್ತತಂತಲ್ಲ."

"ಅವ್ರೇ ಹಚ್ಚಲಿ ಬಿಡವ್ವ. ನಾನೇನು ತಪ್ಪು ಮಾಡೀನಿ?"

ಫೋನ್ ನನ್ನ ಜೇಬಿನಲ್ಲೇ ಇತ್ತು. ಹೆಂಡತಿ ತನ್ನ ಫೋನ್ ಎತ್ತಿಕೊಂಡರೆ ಗುಡುಗುತ್ತಿದ್ದೆ. ನಾಳೆ ಹಚ್ಚೋಣ, ನಾಡಿದ್ದು ಹಚ್ಚೋಣ ಅನ್ನುವಷ್ಟರಲ್ಲಿ ಒಂದು ಬೆಳಗಿನ ಜಾವ ಅವ್ವ ಹೋಗಿಬಿಟ್ಟಳು. ಆಗ ಹಚ್ಚಿದೆ.

ಹರಿಹರದಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವತ್ತು ಬಸ್ಸಿಲ್ಲ, ರಸ್ತೆಗೆ ಬ್ಯಾರಿಕೇಡು. ಪಾಸು ಮಾಡಿಸಿಕೊಂಡು ಭಾವನ ಬೈಕಿನಲ್ಲಿ ಅಕ್ಕ ಬಂದು ಮುಟ್ಟುವಾಗ ಸಂಜೆ ನಾಲ್ಕು. ಮಧ್ಯಾಹ್ನವೇ ಮಣ್ಣು ಮಾಡಿ ಬಂದಿದ್ದೆವು. ಅವ್ವ ಕೂತಿದ್ದ ಜಾಗದಲ್ಲಿ ನಾಲ್ಕು ಹೂವಿನ ಎಸಳು ಬಿದ್ದಿದ್ದವು. ಅಕ್ಕ ಅವನ್ನೇ ಆರಿಸಿ ಸೆರಗಿಗೆ ಕಟ್ಟಿಕೊಂಡಳು.

"ಏನಾಗಿತ್ತೋ ಅವ್ವಗ?"

"ಏನೂ ಆಗಿರ್ಲಿಲ್ಲಕ್ಕ. ಚೆನ್ನಾಗೇ ಇದ್ಲು. ಮಲಗಿದಾಕಿ ಏಳಲಿಲ್ಲ."

"ನನ್ನ ಕೇಳಿದ್ಲಾ?"

"ಕೇಳಾಕೆ ಟೈಮಾದ್ರೂ ಎಲ್ಲಿತ್ತು?"

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತ ನೆನೆಸಿದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೆಂಡತಿಯ ಬಾಯಿಯನ್ನು ಗದರಿ ಮುಚ್ಚಿಸಿದೆ. ಸುಳ್ಳು ಹೇಳಿದ ಮೇಲೆ ಅದಕ್ಕೊಂದು ಸಾಕ್ಷಿ ಬೇಕಲ್ಲ. ಕೂರಿಸಿದ ಅವ್ವನನ್ನು ಬೆಳಿಗ್ಗೆ ನಾನೇ ಕ್ಯಾಮೆರಾದಲ್ಲಿ ಹಿಡಿದಿದ್ದೆ. ಅದನ್ನು ತೆಗೆದುಕೊಂಡು ಕೂತೆ. ಹಾರ, ಹತ್ತಿ ಅಳಿಸಿದೆ, ಹಣೆಯ ವಿಭೂತಿ ತೆಳುಮಾಡಿದೆ, ಹಿಂದೆ ಅಂಗಳ ಕೂರಿಸಿದೆ, ಗಲ್ಲ ತುಂಬಿದೆ, ತುಟಿಯ ಮೂಲೆ ಒಂದು ಎಳೆ ಮೇಲೆತ್ತಿದೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಅಕ್ಕ ಸ್ಟುಡಿಯೋದಲ್ಲಿ ತೆಗೆಸಿಕೊಂಡಿದ್ದ ಫೋಟೋದಿಂದ ಅವಳದೇ ಕಣ್ಣು ತಂದು ಕೂರಿಸಿ, ಸುತ್ತ ಸುಕ್ಕು ಬಿಡಿಸಿದೆ. ಫ್ರೇಮು ಹಾಕಿಸಿ ಹರಿಹರಕ್ಕೆ ಒಯ್ದು, "ಯುಗಾದಿ ದಿನ ಅಂಗಳದಾಗೆ ತೆಗೆದದ್ದು, ಹೆಂಗೋ ಒಪ್ಪಿಸಿಬಿಟ್ಟೆ" ಅಂದೆ.

ಅಕ್ಕ ಅದನ್ನು ಎದೆಗೆ ಅವುಚಿಕೊಂಡಳು. "ಎಷ್ಟು ತುಂಬಿಕೊಂಡಿದ್ಲಲ್ಲೋ! ಎಂಟು ತಿಂಗಳು ಹೋಗಲಿಲ್ಲಲ್ಲ ಅಂತ ನನಗೆ ಹೊಟ್ಯಾಗೆ ಬೆಂಕಿ ಹತ್ತಿತ್ತು. ಆರಾಮಿದ್ಲು ಅಂದ್ಮ್ಯಾಲೆ ಬಿಡು." ಅವತ್ತಿನಿಂದ ಆ ಫೋಟೋ ಅವಳ ದೇವರ ಗೂಡಿನ ಪಕ್ಕದಲ್ಲಿ. ಬೆಳಿಗ್ಗೆ ಸ್ನಾನ ಮಾಡಿ, ಅದರ ಮುಂದೆ ನಿಂತು, ಮನೆಯ ಸುದ್ದಿಯೆಲ್ಲ ಒಪ್ಪಿಸುತ್ತಿದ್ದಳು. ಭಾವನೂ ನಾನೂ ಮಾತಾಡುವ ಹಾಗಾಯಿತು. ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಈಗ ಮನೆಯಲ್ಲೇ ಕೂತು ಬೇರೆ ಕೆಲಸ ಮಾಡುತ್ತೇನೆ. ಇಂಟರ್ನೆಟ್ಟಿನಲ್ಲಿ ಫೋಟೋ ಮಾರುವ ಸಂತೆಗಳಿವೆ. ಯಾರು ಬೇಕಾದರೂ ಫೋಟೋ ಕಳಿಸಬಹುದು. ಜಾಹೀರಾತಿನವರು, ಪತ್ರಿಕೆಯವರು ಕೊಂಡು ಬಳಸುತ್ತಾರೆ. ಮಾರಾಟಕ್ಕೆ ಇಡುವ ಮೊದಲು ಒಬ್ಬರು ಪರೀಕ್ಷೆ ಮಾಡಬೇಕಲ್ಲ, ಅಂಥ ಒಂದು ಸಂತೆಯಲ್ಲಿ ಆ ಒಬ್ಬರು ನಾನು. ಮಸುಕಾಗಿದ್ದರೆ ವಾಪಸ್ಸು. ಚಿತ್ರ ಒಂದು ಹೇಳಿ ಹೆಸರು ಇನ್ನೊಂದು ಹೇಳಿದರೆ, ಇಲ್ಲದ್ದನ್ನು ಇದೆ ಅಂತ ತೋರಿಸಿದರೆ, 'ದಾರಿ ತಪ್ಪಿಸುವ ಚಿತ್ರ' ಅಂತ ಕಾರಣ ಹಾಕಿ ವಾಪಸ್ಸು.

ಏನೇನು ಬರುತ್ತವೆ ಅಂತೀರಿ! ಒಬ್ಬ ಪುಣ್ಯಾತ್ಮ ಖಾರ ಮಂಡಕ್ಕಿಯ ಫೋಟೋ ಹಾಕಿ 'ಅವಲಕ್ಕಿ ಉಪ್ಪಿಟ್ಟು' ಅಂತ ಬರೆದಿದ್ದ, ಅದೂ ದಾವಣಗೆರೆಯವನ ಮುಂದೆ. ಇನ್ನೊಬ್ಬ ಕಂಪ್ಯೂಟರಿನಲ್ಲಿ ಹುಟ್ಟಿಸಿದ ರೈತನನ್ನು 'ನಿಜವಾದ ಹಳ್ಳಿಯ ಬದುಕು' ಅಂತ ಕಳಿಸಿದ್ದ. ರೈತನಿಗೆ ಆರು ಬೆರಳು, ಅವನ ಎಮ್ಮೆಗೆ ಕಿವಿಯೊಳಗಿಂದ ಕೊಂಬು. "ಯಾರಿಗೆ ಟೋಪಿ ಹಾಕ್ತೀಯಲೇ?" ಅಂತ ಪರದೆಗೆ ಬೈದು ಗುಂಡಿ ಒತ್ತುತ್ತಿದ್ದೆ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ. ನನ್ನ ಕಣ್ಣು ತಪ್ಪಿಸಿ ಹೋದದ್ದು ಕಮ್ಮಿ.

ಅಕ್ಕನ ಮಗಳಿಗೂ ಈ ಹುಚ್ಚು ಹತ್ತಿಸಿದವನು ನಾನೇ. ಹರಿಹರದಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವ ಹುಡುಗಿ. ನದಿ, ಸೇತುವೆ, ರೊಟ್ಟಿ ಬಡಿಯುವ ಕೈ, ಹೀಗೆ ತೆಗೆದು ಬೇರೊಂದು ಸಂತೆಗೆ ಕಳಿಸುತ್ತಿದ್ದಳು. ಕಳೆದ ದೀಪಾವಳಿಗೆ ಮುಂಚೆ ಒಂದು ಭಾನುವಾರ ಅಕ್ಕ ಫೋನ್ ಮಾಡಿ "ಊಟಕ್ಕೆ ಬಾ, ಒಂದು ಕೆಲಸನೂ ಐತೆ" ಅಂದಳು.

ಹೋದೆ. ಊಟವಾಯಿತು. ಅಕ್ಕನ ಮಗಳು ಮೊಬೈಲ್ ಹಿಡಿದು ಪಕ್ಕ ಕೂತಳು.

"ಮಾಮ, ಅಮ್ಮ ಹೇಳಿದ್ಲು ಅಂತ ಅಜ್ಜಿ ಫೋಟೋನೂ ಕಳಿಸಿದ್ದೆ. ವಾಪಸ್ ಹಾಕ್ಯಾರ."

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವನ್ನ ಸಂತೀಗೆ ಇಡ್ತೀರಾ? ನಾಚಿಕಿ ಆಗಲ್ವಾ?"

"ಯಾಕ ಬೈತೀಯೋ ಕೂಸಿಗೆ?" ಅಕ್ಕ ಅಡ್ಡ ಬಂದಳು. "ನಾನೇ ಕಳಿಸು ಅಂದೆ. ಅಷ್ಟು ಚಂದ ಇರೋ ಮಕನ ನಾಲ್ಕು ಜನ ನೋಡಲಿ ಅಂತ. ಅದು ಖರೆ ಫೋಟೋ ಅಲ್ಲ ಅಂತಾರಂತೆ, ಮುಠ್ಠಾಳರು. ನೀನು ಅದೇ ಕೆಲಸದಾಗ ಇದೀಯಲ್ಲ, ಬರಿ ಅವರಿಗೆ. ನನ್ನ ಕೈಯಾರೆ ತೆಗೆದದ್ದು ಅಂತ ಬರಿ."

ವಾಪಸ್ಸು ಬಂದ ಪತ್ರವನ್ನು ಹುಡುಗಿ ಕನ್ನಡದಲ್ಲಿ ಹೇಳಿದಳು. ಬೆಳಕು ಮುಖಕ್ಕೆ ಎಡಗಡೆಯಿಂದ ಬಿದ್ದಿದೆ, ಆದರೆ ಎರಡೂ ಕಣ್ಣಿನಲ್ಲಿ, ಬೆಳಕು ಮೆತ್ತಗಾಗಲಿ ಅಂತ ಸ್ಟುಡಿಯೋದಲ್ಲಿ ದೀಪಕ್ಕೆ ಕಟ್ಟುವ ಬಿಳಿ ಕೊಡೆಯ ಪ್ರತಿಬಿಂಬವಿದೆ. ಕಣ್ಣು ಬೇರೆ ಚಿತ್ರದ್ದು. ದಾರಿ ತಪ್ಪಿಸುವ ಚಿತ್ರ. ಯಾವುದೋ ದೇಶದಲ್ಲಿ ಕೂತ ಯಾರೋ, ನನ್ನಂಥವನೇ ಒಬ್ಬ, ತನ್ನ ಕೆಲಸ ಸರಿಯಾಗಿ ಮಾಡಿದ್ದ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಕಣ್ಣು ತಂದವನು ಕೊಡೆಯನ್ನು ಅಳಿಸಬೇಕಿತ್ತು. ಸಾವಿರ ಸಲ ಮಾಡಿದ ಕೆಲಸ, ಅವ್ವನ ಸರದಿ ಬಂದಾಗ ಕೈ ಮರೆತಿತ್ತು.

ಹುಡುಗಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಕರಿಗುಡ್ಡೆಯ ಮೇಲೆ ಸಣ್ಣಗೆ, ಬಿಳಿಯಾಗಿ, ಕಡ್ಡಿ ಸಮೇತ ಕೊಡೆ.

"ಇದು ನಿನ್ನ ಸ್ಟುಡಿಯೋದಾಗೆ ಇತ್ತಲ್ಲ, ಆ ಕೊಡಿ ಅಲ್ಲೇನೋ?"

ಅಕ್ಕ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು.

"ಅವ್ವ ಸ್ಟುಡಿಯೋ ಮೆಟ್ಲ ಯಾವಾಗ ಹತ್ತಿದ್ಲು?"

ಸಿಟ್ಟು ನನ್ನನ್ನು ಎಷ್ಟೋ ಸಲ ಕಾಪಾಡಿತ್ತು. ಅವತ್ತೂ ಕೂಗಾಡಿ ಎದ್ದು ಹೋಗಬಹುದಿತ್ತು. ಸಿಟ್ಟೇ ಬರಲಿಲ್ಲ. ಫೋನಿನ ಮಾತೊಂದು ಬಿಟ್ಟು ಎಲ್ಲ ಹೇಳಿದೆ: ಕೂರಿಸಿದ್ದ ಅವ್ವ, ಬತ್ತಿದ ಗಲ್ಲ, ಒಂದು ತಿಂಗಳ ಹಾಸಿಗೆ, ಅಕ್ಕನದೇ ಫೋಟೋದಿಂದ ತಂದ ಕಣ್ಣು. ಅಕ್ಕ ದೇವರ ಗೂಡಿನ ಪಕ್ಕದ ಫೋಟೋ ಕಡೆ ನೋಡಿದಳು.

"ಹಂಗಾರೆ ಇಷ್ಟು ವರ್ಷ ನಾನು ನನ್ನ ಕಣ್ಣಿಗೇ ಕೈ ಮುಗದೆ."

ಆಮೇಲೆ, "ಖರೇದು ಐತಾ?" ಅಂತ ಕೇಳಿದಳು.

ಹಳೆಯ ಡಿಸ್ಕಿನಲ್ಲಿ ಇತ್ತು. ಮುಂದಿನ ಭಾನುವಾರ ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಹೋದೆ. ಒಂದು ಚುಕ್ಕೆಯನ್ನೂ ಮುಟ್ಟಿರಲಿಲ್ಲ. ಅಕ್ಕ ಅದನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಅವ್ವನ ಮುಚ್ಚಿದ ರೆಪ್ಪೆಯ ಮೇಲೆ, ಗುಳಿಬಿದ್ದ ಗಲ್ಲದ ಮೇಲೆ ಬೆರಳಾಡಿಸಿದಳು. ಭಾವ ಎದ್ದು ಹೊರಗೆ ಹೋದರು.

"ಈಗಾದ್ರೂ ಖರೆ ಹೇಳು. ನನ್ನ ಕೇಳಿದ್ಲಾ?"

"ಕೇಳಿದ್ಲಕ್ಕ. ದಿನಾ. ಅಕ್ಕಗ ಫೋನ್ ಹಚ್ಚು ಅಂತಿದ್ಲು."

"ನೀನು?"

"ಅವ್ರೇ ಹಚ್ಚಲಿ ಅಂದೆ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಇದನ್ನ ಅವತ್ತೇ ಕೊಟ್ಟಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆ. ಈಗ ಸುರು ಮಾಡಬೇಕಲ್ಲೋ."

ಅವಳು ಅತ್ತಳು. ಹೆಣದ ಮುಂದೆ ಕೂತು ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ, ಅವ್ವನ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು, ಅವತ್ತೇ ಸತ್ತ ಹಾಗೆ. ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲಿಗೆ ಬಂದರು. ಯಾರು ಹೋದರು ಅಂತ ಅವರು ಕೇಳಿದಾಗ ಭಾವ "ನಮ್ಮ ಅತ್ತಿ" ಅಂದರು.

ಹೊರಡುವಾಗ ಅವಳ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹೋಗಿ ಬಾ. ಫೋನ್ ಹಚ್ಚಬ್ಯಾಡ. ನಾನೇ ಹಚ್ತೀನಿ."

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನಾನು ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಕೂತು ಜನ ಕಳಿಸಿದ ಫೋಟೋ ನೋಡುತ್ತೇನೆ, ಮುದುಕಿಯರ ಮುಖ ಬಂದರೆ ಮೊದಲು ಕಣ್ಣನ್ನು ಹಿಗ್ಗಿಸುತ್ತೇನೆ. ಫೋನನ್ನು ಜೇಬಿನಲ್ಲಿ ಇಡುವುದಿಲ್ಲ, ಎದುರಿಗೇ ಮೇಜಿನ ಮೇಲೆ ಇಟ್ಟುಕೊಂಡಿರುತ್ತೇನೆ. ಯುಗಾದಿ ಬಂತು. ಅಕ್ಕ ಇನ್ನೂ ಹಚ್ಚಿಲ್ಲ.